ಹಳೇ ಕಂಪ್ಯೂಟರಿನ ಕೊನೆಯ ಲೆಕ್ಕ

"ಯಾವನ್ಲೇ ಇದನ್ನ ಅಳಿಸಿದಾಂವ? ತೊಂಬತ್ತೆರಡು ಪರ್ಸೆಂಟ್ ಮುಗಿದಿತ್ತು!"

ನಮ್ಮಪ್ಪ ವೀರಬಸಪ್ಪ ಹೀಗೆ ಕೂಗಾಡಿದ್ದನ್ನು ನಾನು ನೋಡಿದ್ದು ಇದು ಎರಡನೇ ಸಲ.

ಔಷಧಿ ಹುಡುಕುವ ವಿಜ್ಞಾನಿಗಳ ದೊಡ್ಡ ಲೆಕ್ಕವನ್ನು ತುಂಡು ಮಾಡಿ, ಒಪ್ಪಿದವರ ಮನೆ ಕಂಪ್ಯೂಟರುಗಳಿಗೆ ಹಂಚುವ ಯೋಜನೆಯೊಂದಿದೆ. ಸಂಜಯನಗರದ ನಮ್ಮ ಮನೆಯ ಹಳೇ ಕಂಪ್ಯೂಟರ್ ಏಳು ವರ್ಷ ಅದಕ್ಕೇ ದುಡಿದಿತ್ತು. ಬದಲಿಗೆ ಹೊಸದು ಬಂದಾಗ ಅಪ್ಪ ಹಳೆಯದಕ್ಕೆ ಹೊಸ ಕೆಲಸ ಬರುವುದನ್ನು ನಿಲ್ಲಿಸಿ, ಕೊನೆಯ ಲೆಕ್ಕ ಮುಗಿಸಲೆಂದು ಬಿಟ್ಟಿದ್ದರು. ಆಯುಧಪೂಜೆಯ ಬೆಳಿಗ್ಗೆ ನನ್ನ ತಮ್ಮ ವಿರೂಪಾಕ್ಷ ಹೊಸದಕ್ಕೆ ವಿಭೂತಿ ಹಚ್ಚಿ ಹಾರ ಹಾಕಿದ. ಹಳೆಯದರಲ್ಲಿದ್ದದ್ದನ್ನೆಲ್ಲ ಅಳಿಸಿ, ಗುಜರಿಗೆಂದು ಬಾಗಿಲಲ್ಲಿಟ್ಟ. ಏಳು ವರ್ಷ ದುಡಿದದ್ದಕ್ಕೆ ಒಂದು ಚಿಟಿಕೆ ವಿಭೂತಿಗೂ ಗತಿಯಿಲ್ಲ! ನನಗೂ ಮೈ ಉರಿಯಿತು.

"ಬಿಡಪ್ಪಾ, ಆ ಲೆಕ್ಕ ಇನ್ನೊಂದು ಕಂಪ್ಯೂಟರ್ ಮಾಡ್ತೈತಿ," ಅಂದ ವಿರೂಪಾಕ್ಷ.

"ಕೈಯಾಗಿನ ಕೆಲಸ ಮುಗಿಸಾಕರ ಬಿಡಬೇಕೋ ಬ್ಯಾಡೋ?"

ಅಪ್ಪ ಮೊದಲ ಸಲ ಹೀಗೆ ಕೂಗಿದ್ದು ಯಶವಂತಪುರದ ಕಾರ್ಖಾನೆಯಿಂದ ಮಧ್ಯಾಹ್ನವೇ ಮನೆಗೆ ಬಂದ ದಿನ. ಇಪ್ಪತ್ತಾರು ವರ್ಷ ಲೇತ್ ನಡೆಸಿದವರನ್ನು, ಅರ್ಧ ಕಡೆದ ಕಬ್ಬಿಣದ ತುಂಡು ಮುಗಿಸಲೂ ಬಿಡದೆ ಗೇಟಿನಾಚೆ ಕಳಿಸಿದ್ದರು. ಅವರ ಜಾಗಕ್ಕೆ ಬಂದ ಹೊಸ ಯಂತ್ರಕ್ಕೆ ಆಗಲೇ ಹಾರ ಬಿದ್ದಿತ್ತು.