ಗಂಜಿಯ ಮೇಲೆ ಬಂದ ಅಪವಾದ

ಜಮಖಂಡಿಯ ಆ ಪೆಟ್ರೋಲ್ ಪಂಪಿನ ಸಾವಕಾರನನ್ನು ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ. ಸಂಸ್ಥಾನ ಹೋಗಿ ಮುಂಬೈ ಸರಕಾರ ಬಂದ ಹೊಸತು. ಬನಹಟ್ಟಿಯ ನಮ್ಮ ನೇಕಾರರ ಓಣಿಯಲ್ಲಿ ಮಗ್ಗ ಬಿಟ್ಟು ಮೋಟಾರು ಹಿಡಿದವನು ನನ್ನ ಅಣ್ಣನೊಬ್ಬನೇ. ಸೀರೆ ವ್ಯಾಪಾರಿಯೊಬ್ಬರ ಕಾರಿಗೆ ಡ್ರೈವರ್ ಆಗಿದ್ದ. ಮಗ್ಗದ ಕುಣಿಯೊಳಗೆ ಕಾಲು ಇಳಿಬಿಟ್ಟು ದಿನವಿಡೀ ಕೂಡುವುದು ಅವನಿಗೆ ಸೆರೆಮನೆ. ಆ ಕಾರೆಂದರೆ ಜೀವ.

ನಮ್ಮ ಮನೆಯಲ್ಲಿ ಸೋಸದೆ ಏನನ್ನೂ ಬಳಸುತ್ತಿರಲಿಲ್ಲ. ನೀರು, ಹಾಲು, ನೂಲಿಗೆ ಹಚ್ಚುವ ಗಂಜಿ, ಎಲ್ಲಕ್ಕೂ ಅರಿವೆ ಬೇಕು. ಅದೇ ರೂಢಿಯಲ್ಲಿ ಅಣ್ಣ ಪೆಟ್ರೋಲನ್ನೂ ಸೋಸುತ್ತಿದ್ದ. ಮಗ್ಗದಿಂದ ಆಗಷ್ಟೇ ಕೊಯ್ದ, ಇನ್ನೂ ನೀರು ಕಾಣದ ಅರಿವೆಯ ತುಂಡನ್ನು ಕಾರಿನ ಟಾಕಿಯ ಬಾಯಿಗೆ ಕಟ್ಟಿ ಅದರ ಮೇಲೆ ಸುರಿಸಿಕೊಳ್ಳುತ್ತಿದ್ದ. ಹಿಡಿಕೆ ತಿರುಗಿಸಿ ಪೆಟ್ರೋಲು ಎತ್ತುವ ಆ ಪಂಪಿನಿಂದ ಕಸ, ತುಕ್ಕು ಏನೆಲ್ಲ ಬರುತ್ತಿತ್ತು. ನಾಲ್ಕು ಮಂದಿಯೆದುರು ತನ್ನ ಮಾಲನ್ನು ಸೋಸುತ್ತಾನೆಂದು ಸಾವಕಾರನಿಗೆ ಮೊದಲಿನಿಂದಲೂ ಹೊಟ್ಟೆಯುರಿ.

ಒಂದು ಮಳೆಗಾಲ, ಅದೇ ಪಂಪಿನಲ್ಲಿ ಎಂದಿನಂತೆ ಸೋಸಿ ಟಾಕಿ ತುಂಬಿಸಿ, ಮಾಲಕರನ್ನು ಕೂರಿಸಿಕೊಂಡು ಮುಧೋಳಕ್ಕೆ ಹೊರಟಾಗ ಕಾರು ದಾರಿಯಲ್ಲೇ ಕೆಮ್ಮಿ ನಿಂತಿತು. ಎತ್ತು ಹೂಡಿ ಜಮಖಂಡಿಗೆ ಎಳೆತಂದರು. ಮೋಟಾರು ರಿಪೇರಿಯ ಮಿಸ್ತ್ರಿ ಬಿಚ್ಚಿ ನೋಡಿದರೆ ಪೆಟ್ರೋಲು ಹೋಗುವ ಸಣ್ಣ ತೂತಿನ ತುಂಬ ಬೆಳ್ಳಗಿನ ಲೋಳೆ. ಪಂಪಿನ ಸಾವಕಾರ ಅದನ್ನು ಬೆರಳಲ್ಲಿ ಮುಟ್ಟಿ ನಕ್ಕ.

"ನನ್ನ ಪೆಟ್ರೋಲಿಗೆ ಏನಾಗಿಲ್ರಿ. ಇದು ಇವರ ಅರಿವಿ ಗಂಜಿ. ಮಗ್ಗದ ಮಂದಿ ಕೈಯಾಗ ಮೋಟಾರ ಕೊಟ್ರ ಇನ್ನೇನ ಆಗತೈತಿ?"

ಮಾಲಕರು ಅಲ್ಲೇ ಅಣ್ಣನ ಕೈಯಿಂದ ಕೀಲಿಕೈ ಕಸಿದುಕೊಂಡರು.

ಆ ನೂಲಿಗೆ ಗಂಜಿ ಹಚ್ಚಿದವಳು ನಾನು. ಗಂಜಿ ಯಾವುದಕ್ಕೆ ಬಿಡುತ್ತದೆಂದು ನನಗೆ ಆ ಸಾವಕಾರ ಹೇಳಿಕೊಡಬೇಕೇ? ಮಿಸ್ತ್ರಿಯಿಂದ ಒಂದಿಷ್ಟು ಒಳ್ಳೆಯ ಪೆಟ್ರೋಲು ಇಸಿದುಕೊಂಡು ಮಾಲಕರ ಪಡಸಾಲೆಗೇ ಹೋದೆ. ಒಂದು ಬಟ್ಟಲಲ್ಲಿ ಪೆಟ್ರೋಲು, ಇನ್ನೊಂದರಲ್ಲಿ ನೀರು. ಅದೇ ಅರಿವೆಯ ಚೂರುಗಳನ್ನು ಎರಡರಲ್ಲೂ ಅದ್ದಿದೆ. ಪೆಟ್ರೋಲಿನಲ್ಲಿ ಅದ್ದಿದ್ದು ಆರಿದ ಮೇಲೂ ಹಪ್ಪಳದಂತೆ ಖಡಕ್ಕಾಗಿತ್ತು. ನೀರಿನಲ್ಲಿ ಅದ್ದಿದ್ದನ್ನು ಹಿಂಡಿದರೆ ಬೆಳ್ಳಗಿನ ಲೋಳೆ ಬಿಟ್ಟಿತು.

"ಗಂಜಿ ಬಿಟ್ಟೈತಂದ್ರ ಪೆಟ್ರೋಲಿನ್ಯಾಗ ನೀರ ಇತ್ತು ಅಂತಾತಲ್ರಿ," ಎಂದೆ.

ಮಾಲಕರು ಬಟ್ಟಲುಗಳನ್ನು ನೋಡುತ್ತ ಕೂತರು. "ಖರೆ ಐತಿ ತಂಗಿ. ಆದ್ರ ಪಂಪಿನ ಸಾವಕಾರರು ನಮ್ಮ ಬೀಗರು. ನನ್ನ ಮಗಳು ಅವರ ಮನ್ಯಾಗ ಬಾಳೇ ಮಾಡಾಕತ್ತಾಳ. ನಿಮ್ಮಣ್ಣ ಹೋಗಿ, ತಪ್ಪ ನಂದ ಅಂತ ಒಂದ ಮಾತ ಅಂದ ಬರಲಿ. ಕೀಲಿಕೈ ಕೊಡತೇನಿ."

ಕಣ್ಣಾರೆ ನೋಡಿ, ಖರೆ ಎಂದೂ ಒಪ್ಪಿ, ಮತ್ತೊಬ್ಬನ ಬಾಯಿಂದ ಸುಳ್ಳು ಹೇಳಿಸುವ ಆ ದೊಡ್ಡಸ್ತಿಕೆಗೆ ಬೆಂಕಿ ಹಚ್ಚಬೇಕು ಅನ್ನಿಸಿತು. ಮನೆಗೆ ಬಂದು ಅಣ್ಣನಿಗೆ, "ಹೋಗಬ್ಯಾಡ. ಮಗ್ಗ ಐತಿ, ಉಪವಾಸ ಸಾಯಾಂಗಿಲ್ಲ," ಎಂದೆ.

"ಮಗ್ಗ ನನಗ ಆಗೂದಿಲ್ಲ ತಂಗಿ," ಎಂದ.

ಸಂತೆಯ ದಿನ, ಪಂಪಿನ ಮುಂದೆ ಮಂದಿ ನೆರೆದಿದ್ದಾಗ, ಅಣ್ಣ ಕೈಮುಗಿದು ತಪ್ಪೊಪ್ಪಿಕೊಂಡ. ನಾನೂ ಜೊತೆಗಿದ್ದೆ. ಬಾಯಿ ಬಿಡುವುದಿಲ್ಲವೆಂದು ನನ್ನಿಂದ ಮೊದಲೇ ಆಣೆ ಮಾಡಿಸಿಕೊಂಡಿದ್ದ. ಮಾಲಕರು ಕೀಲಿಕೈ ಕೊಟ್ಟರು. ಸಾವಕಾರ ತಾನೇ ಹಿಡಿಕೆ ತಿರುಗಿಸಿ, ಬಾಯಿಗೆ ಅರಿವೆ ಕಟ್ಟದ ಟಾಕಿಯನ್ನು ತುಂಬಿಸತೊಡಗಿದ. ಒಳಗೆ ಪೆಟ್ರೋಲು ಎಷ್ಟು ಬಿತ್ತೋ, ನೀರು ಎಷ್ಟು ಬಿತ್ತೋ, ನೋಡುವವರು ಯಾರೂ ಇರಲಿಲ್ಲ.

"ಇನ್ನ ಮ್ಯಾಲೆ ಸೋಸ್ತಿಯೇನಲೇ?" ಎಂದು ಸಾವಕಾರ ಎಲ್ಲರಿಗೂ ಕೇಳುವಂತೆ ಕೇಳಿದ. ಮಂದಿ ನಕ್ಕರು.

"ಇಲ್ರಿ," ಎಂದ ಅಣ್ಣ. "ನಿಮ್ಮ ಪೆಟ್ರೋಲ ಛಲೋ ಐತ್ರಿ."