ರಿವಾಲ್ವರಿನ ಕಿಸೆ

ಮಾಸ್ಟರರ ಬಲಗೈ ಹೆಬ್ಬೆರಳಿನ ಉಗುರು ಎರಡು ಸೀಳಾಗಿ ಬೆಳೆದಿತ್ತು. ಯಾವ ಕಾಲದಲ್ಲೋ ಹೊಲಿಗೆ ಯಂತ್ರದ ಸೂಜಿ ಅದರೊಳಗೆ ಇಳಿದು ಮುರಿದಿತ್ತಂತೆ. ಹೊಸ ಪ್ಯಾಂಟಿನ ಕಿಸೆಯೊಳಗೆ ಆ ಸೀಳು ಉಗುರನ್ನು ಇಳಿಸಿ, ಒಳಹೊಲಿಗೆಯ ಮೇಲೆ ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಎಳೆಯುತ್ತಿದ್ದರು. ಎಲ್ಲಾದರೂ ಒಂದೆಳೆ ನೂಲು ಉಗುರಿಗೆ ಸಿಕ್ಕಿತೋ, ಹೊಲಿದವನ ಗ್ರಹಚಾರ ಆ ದಿನ ಕೆಟ್ಟಿತೆಂದೇ ಲೆಕ್ಕ.

ದೋಹಾದ ಬಿನ್ ಒಮ್ರಾನಿನಲ್ಲಿ, ಹಳೆಯ ಕಟ್ಟಡವೊಂದರ ಕೆಳಗೆ, ಫೋಟೊ ಸ್ಟುಡಿಯೊಕ್ಕೂ ಕೆಫೆಟೇರಿಯಾಕ್ಕೂ ನಡುವೆ ಅವರ ಅಂಗಡಿ. ಮೂರು ಯಂತ್ರ, ಒಂದು ಕಟ್ಟಿಂಗ್ ಮೇಜು, ಸದಾ ನೀರು ಸೋರುವ ಒಂದು ಎ.ಸಿ. ಊರಿನಲ್ಲಿ ಸ್ವಂತ ಅಂಗಡಿ ನಡೆಸಿ, ರೆಡಿಮೇಡ್ ಬಟ್ಟೆಯ ಕೈಯಲ್ಲಿ ಸೋತು ನಾನು ಅಲ್ಲಿಗೆ ಹೋದಾಗ ನನ್ನ ತಲೆಯಲ್ಲಿ ಆಗಲೇ ನರೆ ಕಾಣಿಸಿಕೊಂಡಿತ್ತು. ಕೆಲಸ ಬಲ್ಲವನೆಂಬ ಜಂಬವೂ ಇತ್ತು. ಅದನ್ನು ಇಳಿಸಲು ಮಾಸ್ಟರರಿಗೆ ಒಂದು ಬೆಳಗ್ಗೆ ಸಾಕಾಯಿತು.

ನಾನು ಹೊಲಿದ ಮೊದಲ ಪ್ಯಾಂಟನ್ನು ನನಗೇ ತೊಡಿಸಿದರು. ಆಮೇಲೆ ಡ್ರಾಯರಿನಿಂದ ಒಂದು ಕಬ್ಬಿಣದ ತುಂಡು ತೆಗೆದರು. ನೀರಿನ ಪೈಪನ್ನು ತಿರುಗಿಸಲು ಹಾಕುತ್ತಾರಲ್ಲ, ಆ ಎಲ್ಬೋ. ಅದರ ಹಿಂಬದಿಗೆ ಒಂದು ಬಾಗಿದ ಮೊಳೆ ಬೆಸುಗೆ ಹಾಕಿತ್ತು. "ಕಿಸೆಗೆ ಹಾಕ್ಕೊಂಡು ಹೋಗಿ ಮೂರು ಕರಕ್ ಚಹಾ ತಾ," ಎಂದರು. ಹೋಗಿ ತಂದೆ. ಟ್ರೇ ಮೇಜಿನ ಮೇಲಿಟ್ಟದ್ದೇ ತಡ, "ತೆಗಿ!" ಎಂದು ಕಿರುಚಿದರು. ಗಾಬರಿಯಲ್ಲಿ ಕೈಹಾಕಿ ಎಳೆದೆ. ಮೊಳೆ ಒಳಬಟ್ಟೆಗೆ ಸಿಕ್ಕಿ ಇಡೀ ಕಿಸೆಯೇ ಆಡಿನ ಬೋಟಿಯ ಹಾಗೆ ಹೊರಗೆ ಬಂತು.

"ಖಲಾಸ್. ನೀನು ಸತ್ತೆ," ಎಂದರು ಮಾಸ್ಟರ್. ಮೂರು ಲೋಟಗಳಲ್ಲಿ ಒಂದನ್ನು ಎತ್ತಿ ಬೇಸಿನ್ನಿಗೆ ಸುರಿದರು. "ಸತ್ತವನಿಗೆ ಚಹಾ ಎಂತಕ್ಕೆ?"

ತಮಾಷೆ ಎಂದುಕೊಂಡು ನಕ್ಕೆ. ಯಾರೂ ನಗಲಿಲ್ಲ. ಅದು ಆ ಅಂಗಡಿಯ ಕಾನೂನಾಗಿತ್ತು. ಕಬ್ಬಿಣ ಸಿಕ್ಕಿಸಿಕೊಂಡವನು ಆ ದಿನಕ್ಕೆ ಸತ್ತವನು. ಅವನಿಗೆ ಚಹಾ ಇಲ್ಲ, ಅವನ ಜೊತೆ ಮಾತಿಲ್ಲ, ಅವನು ಮಾತನಾಡಿದರೆ ಉತ್ತರವಿಲ್ಲ. ಗಿರಾಕಿ ಬಂದು ಅವನನ್ನು ಕೇಳಿದರೆ "ಅವ ಇಲ್ಲ" ಎಂದು ಅವನ ಎದುರೇ ಹೇಳುತ್ತಿದ್ದರು. ಮೊದಲ ತಿಂಗಳಿನಲ್ಲಿ ನಾನು ಬದುಕಿದ್ದ ದಿನಗಳೇ ಕಡಿಮೆ.

ನಾವು ಹೊಲಿಯುತ್ತಿದ್ದುದಾದರೂ ಏನು? ಡ್ರೈವರುಗಳ, ಸೆಕ್ಯೂರಿಟಿಯವರ ಯೂನಿಫಾರ್ಮು, ಆಫೀಸಿಗೆ ಹೋಗುವವರ ಪ್ಯಾಂಟು. ಈ ದೇಶದಲ್ಲಿ ಅಂಥವರ ಕಿಸೆಯಲ್ಲಿ ಮೊಬೈಲಿಗಿಂತ ಭಾರದ್ದು ಏನೂ ಇರುವುದಿಲ್ಲ. ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟೆ: "ಮಾಸ್ಟರ್, ಈ ಡ್ರೈವರ್ ಇದರಲ್ಲಿ ಎಂತ ಪಿಸ್ತೂಲು ಇಡ್ತಾನಾ?"

"ಕಿಸೆ ಹೊಲಿಯುದು ಇಡ್ಲಿಕ್ಕಲ್ಲ ಮಾರಾಯ, ತೆಗಿಲಿಕ್ಕೆ. ಇಡ್ಲಿಕ್ಕೆ ಗೋಣಿ ಸಾಕು."

ಮಾತು ಚೆನ್ನಾಗಿತ್ತು, ಒಪ್ಪುತ್ತೇನೆ. ಆದರೆ ಮಾತು ಚೆನ್ನಾಗಿದ್ದವರೆಲ್ಲ ಒಳ್ಳೆಯವರಲ್ಲ. ಮೂರನೆಯ ಯಂತ್ರದಲ್ಲಿ ಕೂರುತ್ತಿದ್ದ ಕಾಸರಗೋಡಿನವನು ಒಮ್ಮೆ ಹೀಗೆ ಸತ್ತ ದಿನವೇ ಅವನ ಅಪ್ಪ ನಿಜವಾಗಿ ತೀರಿಕೊಂಡರು. ಊರಿನಿಂದ ಫೋನು ಬಂತು. ಅವನು ಯಂತ್ರದ ಮೇಲೆ ತಲೆಯಿಟ್ಟು, "ಮಾಸ್ಟರ್, ನಮ್ಮ ಅಪ್ಪ ಹೋದ್ರು ಮಾಸ್ಟರ್," ಎಂದು ಅಳತೊಡಗಿದ. ಮಾಸ್ಟರ್ ಅವನ ಕಡೆ ನೋಡಲಿಲ್ಲ. ಚಾಕ್‌ನಲ್ಲಿ ಗೆರೆ ಎಳೆಯುತ್ತಲೇ ಇದ್ದರು. ನಾನು ಎದ್ದು ಹೋಗಿ ಅವನ ಹೆಗಲು ಹಿಡಿದೆ. "ಅಲ್ಲಿ ಯಾರೂ ಇಲ್ಲ. ಯಲ್ಲಾ, ನಿನ್ನ ಕೆಲಸ ನೋಡು," ಎಂದರು. ಅಂಗಡಿ ಮುಚ್ಚುವವರೆಗೂ ಆ ಮನುಷ್ಯನ ಬಾಯಿಂದ ಒಂದು ಸಮಾಧಾನದ ಮಾತು ಬರಲಿಲ್ಲ. ಇದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಅವರಿಗೆ ಈ ಹುಚ್ಚು ಎಲ್ಲಿಂದ ಅಂಟಿತೆಂದು ಅವರೇ ಹೇಳಿದರು, ಒಂದು ರಂಜಾನಿನ ಮಧ್ಯಾಹ್ನ. ಗಿರಾಕಿಗಳಿರಲಿಲ್ಲ, ಉಪವಾಸದಿಂದ ಬಾಯಿ ಒಣಗಿತ್ತು, ಆದರೂ ಹೇಳಿದರು. ದಕ್ಷಿಣ ಕನ್ನಡದ ಒಂದು ಪೇಟೆಯಲ್ಲಿ ಅವರ ಅಂಗಡಿ ಇದ್ದಾಗ, ಎರಡು ವೈನ್ ಶಾಪ್ ಇದ್ದ ಕ್ರಿಶ್ಚಿಯನ್ ಸಾಹುಕಾರರೊಬ್ಬರು ಲೈಸೆನ್ಸಿನ ರಿವಾಲ್ವರ್ ಇಟ್ಟುಕೊಂಡಿದ್ದರು. ಸೊಂಟಕ್ಕೆ ಕಟ್ಟಿದರೆ ಹೊಟ್ಟೆಗೆ ಚುಚ್ಚುತ್ತದೆ, ಕಿಸೆಗೆ ಹಾಕಿದರೆ ಪ್ಯಾಂಟು ಜಾರುತ್ತದೆ, ನಡೆದರೆ ತೊಡೆಗೆ ಬಡಿಯುತ್ತದೆ, ಕೂತರೆ ಊರಿಗೆಲ್ಲ ಕಾಣುತ್ತದೆ. "ಮಾಸ್ಟರ್, ಉಂಟೂಂತ ನನಗೇ ಗೊತ್ತಾಗ್ಬಾರ್ದು, ಹಾಗೆ ಮಾಡಿಕೊಡಿ," ಎಂದರಂತೆ.

ಮಾಸ್ಟರ್ ಮಾಡಿಕೊಟ್ಟರು. ದಪ್ಪ ಡ್ರಿಲ್ ಬಟ್ಟೆಯ ಕಿಸೆ. ಭಾರವೆಲ್ಲ ಬೆಲ್ಟಿನ ಮೇಲೆ ಬೀಳುವಂತೆ ಒಳಗಿನಿಂದ ಸೊಂಟಪಟ್ಟಿಗೆ ಕಟ್ಟಿದ ಎರಡು ಪಟ್ಟಿ. ತೊಡೆಯ ಕಡೆಗೆ ಮೆತ್ತಗಿನ ಚರ್ಮ, ಆಕಾರ ಹೊರಗೆ ಮೂಡದ ಹಾಗೆ. ರಿವಾಲ್ವರಿನ ಹಿಂದೆ ಒಂದು ಕೊಕ್ಕೆ ಮೇಲೆದ್ದಿರುತ್ತದೆ, ಹೊರಗೆ ತೆಗೆಯುವಾಗ ಬಟ್ಟೆಗೆ ಸಿಕ್ಕುವುದು ಅದೇ. ಅದಕ್ಕೆಂದು ಕಿಸೆಯ ಬಾಯನ್ನು ಓರೆಯಾಗಿ, ಮಾಮೂಲಿಗಿಂತ ಎರಡು ಬೆರಳು ಅಗಲ ಕತ್ತರಿಸಿದರು. ಸಾಹುಕಾರರನ್ನು ನಿಲ್ಲಿಸಿ ನೋಡಿದರು, ವೈನ್ ಶಾಪಿನ ಗಲ್ಲಾಪೆಟ್ಟಿಗೆಯ ಎದುರು ಕೂರಿಸಿ ನೋಡಿದರು, ಕಾರಿನಲ್ಲಿ ಕೂರಿಸಿ ನೋಡಿದರು. ಸಾಹುಕಾರರು ಖುಷಿಯಿಂದ ಅಂಥದ್ದೇ ಇನ್ನೂ ಕೆಲವು ಪ್ಯಾಂಟು ಹೊಲಿಸಿದರು.

ಮಾರನೆಯ ವರ್ಷ ವೈನ್ ಶಾಪಿನ ಹಣದ ಚೀಲಕ್ಕಾಗಿ ಇಬ್ಬರು ಅವರನ್ನು ಅಡ್ಡಗಟ್ಟಿದರು. ಸಾಹುಕಾರರು ಕಿಸೆಗೆ ಕೈಹಾಕಿದರು. ಕೈ ಬಂತು, ರಿವಾಲ್ವರ್ ಬರಲಿಲ್ಲ. ಎಳೆಯುತ್ತಿರುವಾಗಲೇ ಆ ಇಬ್ಬರು ಚೂರಿ ಹಾಕಿದರು. ಎದುರಿನ ಬೀಡಾ ಅಂಗಡಿಯವನು ನೋಡಿದ್ದನಂತೆ; ಅವನ ಬಾಯಿಂದ ಪೇಟೆಗೆಲ್ಲ ಸುದ್ದಿ ಹೋಯಿತು. ಸಾಹುಕಾರರು ಚೂರಿಯಿಂದ ಸತ್ತದ್ದಲ್ಲ, ಮಾಸ್ಟರರ ಕಿಸೆಯಿಂದ ಸತ್ತದ್ದು! ಬಟ್ಟೆ ಕೊಟ್ಟವರೆಲ್ಲ ವಾಪಸು ಒಯ್ದರು. ಮಾಸ್ಟರ್ ಕತ್ತರಿ ಒಂದನ್ನು ಹಿಡಿದು ಕತಾರಿಗೆ ಬಂದರು.

"ಆ ಕಿಸೆ ಸಿಕ್ಕುವ ಕಿಸೆ ಅಲ್ಲ," ಎಂದರು ಆ ದಿನ. ಮತ್ತೆ ತಾವೇ, "ಅಲ್ಲಾಂತ ಹೇಗೆ ಹೇಳುದು? ಆ ಪ್ಯಾಂಟು ನಾನು ಪುನಃ ನೋಡ್ಲಿಲ್ಲ ಅಲ್ವಾ," ಎಂದರು. ಅಷ್ಟು ವರ್ಷ ಅವರನ್ನು ತಿಂದದ್ದು ಈ ಒಂದು ಪ್ರಶ್ನೆ. ಅವರನ್ನು ತಿಂದು ಉಳಿದದ್ದು ನಮ್ಮನ್ನು ತಿನ್ನುತ್ತಿತ್ತು.

ಉತ್ತರ ತಾನಾಗಿ ನಡೆದುಕೊಂಡು ಬಂತು. ಸಾಹುಕಾರರ ಮಗಳು ದೋಹಾದ ಒಂದು ಆಫೀಸಿನಲ್ಲಿ ಕೆಲಸಕ್ಕಿದ್ದು ಮದೀನತ್ ಖಲೀಫಾದಲ್ಲಿ ಮನೆ ಮಾಡಿದ್ದಳು. ತಾಯಿಯನ್ನೂ ಕರೆಸಿಕೊಂಡಿದ್ದಳು. ಮಾಸ್ಟರ್ ಇಲ್ಲಿದ್ದಾರೆಂದು ತಾಯಿಯ ಕಿವಿಗೆ ಬಿದ್ದದ್ದೇ ಸಾಕು, ಒಂದು ಶನಿವಾರ ಸಂಜೆ ಮಗಳ ಜೊತೆ ಬಂದರು. ಬಿಳಿ ಕೂದಲು, ಕುತ್ತಿಗೆಯಲ್ಲಿ ಶಿಲುಬೆ, ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ. ಚೀಲದಿಂದ ಒಂದು ಪ್ಯಾಂಟು ತೆಗೆದು ಮಾಸ್ಟರರ ಎದೆಗೇ ಎಸೆದರು. ಕೇಸು ಮುಗಿದ ಮೇಲೆ ಕೋರ್ಟಿನಿಂದ ವಾಪಸು ಬಂದ ಪ್ಯಾಂಟು ಅದು. ರಕ್ತದ ಕಲೆ ಕಂದು ಬಣ್ಣಕ್ಕೆ ತಿರುಗಿತ್ತು.

"ನೋಡು, ನಿನ್ನ ಕೈಕೆಲಸ! ನಾನು ಸಾಯುವ ಮೊದ್ಲು ನಿನ್ನ ಮುಖಕ್ಕೆ ಇದನ್ನು ಬಿಸಾಡ್ಬೇಕೂಂತ ಇಟ್ಕೊಂಡಿದ್ದೆ."

"ಮಮ್ಮಿ, ಸಾಕು, ಮನೆಗೆ ಹೋಗುವಾ," ಎಂದಳು ಮಗಳು.

ಮಾಸ್ಟರ್ ಪ್ಯಾಂಟನ್ನು ಮೇಜಿನ ಮೇಲೆ ಹಾಸಿ, ಡ್ರಾಯರಿನಿಂದ ಕಬ್ಬಿಣ ತೆಗೆದು ಕಿಸೆಗೆ ಇಳಿಸಿ ಎಳೆದರು. ಮೊಳೆ ಸಿಕ್ಕಿತು. ಅವರ ಮುಖ ನೋಡಲಾಗಲಿಲ್ಲ ನನಗೆ. ಎಷ್ಟೋ ಸಲ ಈ ಮನುಷ್ಯನ ಮುಖ ಹಾಗಾಗಲಿ ಎಂದು ಹಾರೈಸಿದವನು ನಾನು; ಆದಾಗ ಸಂತೋಷವಾಗಲಿಲ್ಲ.

ಆಮೇಲೆ ಆ ಸೀಳು ಉಗುರು ಕಿಸೆಯೊಳಗೆ ಇಳಿಯಿತು. ಬಾಯಿಯ ಹತ್ತಿರ ನಿಂತಿತು. ಕಿಸೆಯನ್ನು ಮಗುಚಿ ಬೆಳಕಿಗೆ ಹಿಡಿದರು. ಬಾಯಿಯ ಕೆಳತುದಿಯಲ್ಲಿ, ಯಂತ್ರದ ಹೊಲಿಗೆ ಮುಗಿದಲ್ಲಿಂದ ಎರಡು ಬೆರಳಿನಷ್ಟು ಮೇಲಕ್ಕೆ, ಕೈಹೊಲಿಗೆ. ದಪ್ಪ ಕಪ್ಪು ನೂಲು.

"ಬಾಯಮ್ಮ, ಇದು ಯಾರು ಹಾಕಿದ್ದು?" ಊರಿನಲ್ಲಿ ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವ ಹಾಗೆಯೇ ಕರೆದು ಕೇಳಿದರು.

"ನಾನು. ಮತ್ತೆ ಯಾರು ಹಾಕ್ತಾರೆ? ಇಗರ್ಜಿಯಲ್ಲಿ ಮೊಣಕಾಲೂರಿ ಮುಂದೆ ಬಗ್ಗಿದಾಗ ಅದು ಜಾರಿ ದಡಕ್ಕಂತ ಬಿತ್ತು, ಪಾದ್ರಿಯವರ ಎದುರೇ. ಇಡೀ ಇಗರ್ಜಿ ನೋಡಿತು. ನೀನು ಬಾಯಿ ಅಷ್ಟು ಅಗಲ ಇಟ್ಟದ್ದಕ್ಕೆ! ಮನೆಗೆ ಬಂದು ಎಲ್ಲ ಪ್ಯಾಂಟಿಗೂ ನಾನೇ ಹೊಲಿಗೆ ಹಾಕಿದೆ."

ಹೇಳುವಾಗ ಅವರಿಗಿನ್ನೂ ಗೊತ್ತಾಗಿರಲಿಲ್ಲ. ಮಗಳಿಗೆ ಗೊತ್ತಾಯಿತು, ಅವಳು ಮಾಸ್ಟರರ ಕಡೆ ನೋಡಿ ಬೇಡ ಎಂಬಂತೆ ತಲೆಯಾಡಿಸಿದಳು. ಆ ಕ್ಷಣ ಅವರು ಪ್ಯಾಂಟನ್ನು ಮಡಚಿ ಕೊಟ್ಟಿದ್ದರೆ ಮುಗಿದುಹೋಗುತ್ತಿತ್ತು.

ಮಾಸ್ಟರ್ ಬ್ಲೇಡು ತೆಗೆದುಕೊಂಡರು. ಬಾಯಮ್ಮನ ಕೈಹೊಲಿಗೆಯನ್ನು ಒಂದೊಂದಾಗಿ ಕತ್ತರಿಸಿದರು. ಕಬ್ಬಿಣ ಇಳಿಸಿ ಎಳೆದರು, ಸಲೀಸಾಗಿ ಬಂತು. ಮತ್ತೆ ಎಳೆದರು, ಬಂತು. ಮತ್ತೆ. ಆಮೇಲೆ ಕಿಸೆಯನ್ನು ಆ ಮುದುಕಿಯ ಕಡೆಗೆ ತಿರುಗಿಸಿ, "ನೀವೇ ತೆಗೆದು ನೋಡಿ ಬಾಯಮ್ಮ," ಎಂದರು. ಅವರು ಹಿಂದೆ ಸರಿದರು. ಮಾಸ್ಟರ್ ಅವರ ಕೈಹಿಡಿದು ಗಂಡನ ಕಿಸೆಯೊಳಗೆ ಇಳಿಸಿದರು. "ಎಳೀರಿ. ಬಂತಾ? ನಿಮ್ಮ ಹೊಲಿಗೆ ಇಲ್ಲದಿದ್ರೆ ಬರ್ತದೆ. ಇನ್ನೊಮ್ಮೆ ಎಳೀರಿ."

ಕಬ್ಬಿಣ ಅವರ ಕೈಯಿಂದ ನೆಲಕ್ಕೆ ಬಿತ್ತು. ಬಾಯಮ್ಮ ಅಳಲಿಲ್ಲ. ತಮ್ಮ ಬೆರಳುಗಳನ್ನೇ ನೋಡುತ್ತ ನಿಂತರು. ಮಗಳು ಅವರನ್ನು ತೋಳು ಹಿಡಿದು ಕಾರಿಗೆ ನಡೆಸಿಕೊಂಡು ಹೋದಳು.

ಮಾಸ್ಟರ್ ಕುರ್ಚಿಯಲ್ಲಿ ಕೂತು ಮೊದಲ ಸಲ ಹಲ್ಲು ಕಾಣುವಂತೆ ನಕ್ಕರು. "ಮೂರು ಚಹಾ ಹೇಳು. ಇವತ್ತು ಯಾರೂ ಸತ್ತಿಲ್ಲ," ಎಂದರು. ಕಾಸರಗೋಡಿನವನು ತನ್ನ ಪಾಲಿನ ಲೋಟವನ್ನು ಬೇಸಿನ್ನಿಗೆ ಸುರಿದು ಬಂದು ಕೆಲಸಕ್ಕೆ ಕೂತ. ತಿಂಗಳು ಕಳೆಯುವ ಮೊದಲೇ ಊರಿಗೆ ಹೊರಟುಹೋದ.

ಅವತ್ತಿನಿಂದ ಮಾಸ್ಟರ್ ಸಾಧು ಪ್ರಾಣಿ. ಕಬ್ಬಿಣ ಡ್ರಾಯರಿನಿಂದ ಹೊರಗೆ ಬರಲಿಲ್ಲ. ನನ್ನ ಹೆಂಡತಿ ಮಕ್ಕಳ ಕ್ಷೇಮ ಕೇಳತೊಡಗಿದರು. ನೆಮ್ಮದಿ ಸಿಕ್ಕಿದ ಮನುಷ್ಯನ ಕೆಲಸ ಹೇಗಾಗುತ್ತದೆಂದು ಆಗ ನೋಡಿದೆ: ಅವರೇ ಹೊಲಿದ ಕಿಸೆಗಳಲ್ಲಿ ನೂಲು ಎದ್ದಿರುತ್ತಿತ್ತು. ಅವರಿಗೆ ಕಾಣದಂತೆ ನಾನೇ ಬಿಚ್ಚಿ ಹೊಲಿಯುತ್ತಿದ್ದೆ. ಮುಂದಿನ ಚಳಿಗಾಲದಲ್ಲಿ ಒಂದು ಬೆಳಗ್ಗೆ ಮುಐದರ್ ಬಡಾವಣೆಯ ಅವರ ಬಾಡಿಗೆ ಕೋಣೆಯಲ್ಲಿ ಎದೆನೋವೆಂದು ಮಲಗಿದವರು ಏಳಲಿಲ್ಲ. ಇಲ್ಲೇ ಮಣ್ಣು ಮಾಡಿದೆವು. ಹೆಣಕ್ಕೆ ಸುತ್ತುವ ಕಫನಿಗೆ ಹೊಲಿಗೆಯೂ ಇಲ್ಲ, ಕಿಸೆಯೂ ಇಲ್ಲ. ತಪ್ಪು ಹುಡುಕಲು ಅವರಿಗೆ ಏನೂ ಸಿಕ್ಕಿರಲಾರದು.

ಅಂಗಡಿ ನನ್ನ ಕೈಗೆ ಬಂದು ಕೆಲವು ವಾರಗಳಾಗಿದ್ದವು. ಬಾಯಮ್ಮ ಬಂದರು, ಈ ಸಲ ಒಬ್ಬರೇ. ಬಹಳ ಇಳಿದುಹೋಗಿದ್ದರು. ಸ್ಟೂಲಿನಲ್ಲಿ ಕೂತು ಸುಮಾರು ಹೊತ್ತು ಎ.ಸಿ.ಯ ನೀರು ಬಕೆಟ್ಟಿಗೆ ಬೀಳುವುದನ್ನು ನೋಡಿದರು.

"ಅವರು ಅವತ್ತು ಎಂತದೋ ಕೈಚಳಕ ಮಾಡಿದ್ದಲ್ವಾ?" ಎಂದು ಕೇಳಿದರು. "ನೀನು ಹತ್ರ ಇದ್ದಿ. ನೀನು ಅವರ ಹತ್ರ ಕಲಿತವ, ನಿನಗೆ ಗೊತ್ತುಂಟು. ಆಮೇಲೆ ನಾನು ಸೂಜಿ ಮುಟ್ಲಿಲ್ಲ ಮಗಾ. ಕಿಸೆಯೇ ಸರಿ ಇರ್ಲಿಲ್ಲ, ಅಲ್ವಾ?"

ಮಾಸ್ಟರ್ ಬಿಟ್ಟುಹೋದ ಆಸ್ತಿಯೆಂದರೆ ಅದೊಂದೇ: ಆ ಕಿಸೆ ಸರಿಯಿತ್ತು ಎಂಬುದು. ಅದನ್ನು ಕಾಯಲು ಉಳಿದವನು ನಾನೊಬ್ಬನೇ. ಮನುಷ್ಯನನ್ನು ನಿಲ್ಲಿಸಿ, ಗಲ್ಲಾಪೆಟ್ಟಿಗೆಯ ಎದುರು ಕೂರಿಸಿ, ಕಾರಿನಲ್ಲಿ ಕೂರಿಸಿ ನೋಡಿದವರಿಗೆ ಆತ ಪ್ರತಿ ಭಾನುವಾರ ಮೊಣಕಾಲೂರುತ್ತಾನೆ ಎಂಬುದು ಹೊಳೆಯಲಿಲ್ಲ. ಸ್ವತಃ ದಿನಕ್ಕೆ ಐದು ಹೊತ್ತು ಮೊಣಕಾಲೂರುವವರಿಗೆ! ಹಾಗಾಗಿ ಕಿಸೆಯಲ್ಲೂ ತಪ್ಪಿತ್ತು ಎಂಬುದೆಲ್ಲ ನನಗೆ ಆಮೇಲೆ ತೋಚಿದ ಸಮಾಧಾನ. ಆಗ ತೋಚಿದ್ದು ಬೇಸಿನ್ನಿಗೆ ಸುರಿದ ಚಹಾ ಮಾತ್ರ. ಸತ್ತವನಿಗೆ ಚಹಾ ಎಂತಕ್ಕೆಂದು ಕಲಿಸಿದವರು ಅವರೇ. ಹಾಗಾದರೆ ಸತ್ತವನಿಗೆ ಒಳ್ಳೆಯ ಹೆಸರು ಎಂತಕ್ಕೆ?

"ಹೌದು ಬಾಯಮ್ಮ," ಎಂದೆ. "ಕಿಸೆಯೇ ಸರಿ ಇರ್ಲಿಲ್ಲ. ನಿಮ್ಮ ಹೊಲಿಗೆಯಿಂದ ಆದದ್ದಲ್ಲ."

ಅವರು ಕಣ್ಣು ಮುಚ್ಚಿ ಶಿಲುಬೆಯ ಗುರುತು ಮಾಡಿಕೊಂಡರು. ನಾನು ಕೆಫೆಟೇರಿಯಾಕ್ಕೆ ಎರಡು ಚಹಾ ಹೇಳಿದೆ. ಅವರು ನಿಧಾನವಾಗಿ, ತಳದವರೆಗೆ ಕುಡಿದರು.

ಇಲ್ಲಿ ಇಗರ್ಜಿಗೆ ಹೋಗುವುದು ರಜೆಯ ದಿನವಾದ ಶುಕ್ರವಾರ. ಮುಂದಿನ ಶುಕ್ರವಾರದ ಪೂಜೆ ಮುಗಿಯುವಷ್ಟರಲ್ಲಿ ಸುದ್ದಿ ಎಲ್ಲರಿಗೂ ಮುಟ್ಟಿತ್ತು: ಕಿಸೆಯೇ ಸರಿ ಇರಲಿಲ್ಲವೆಂದು ಶಿಷ್ಯನೇ ಒಪ್ಪಿದ್ದಾನಂತೆ. ಅದೇ ಸಂಜೆ ನಮ್ಮ ಊರ ಕಡೆಯ ಗಿರಾಕಿಯೊಬ್ಬರು ಬಂದು, ಎರಡು ಪ್ಯಾಂಟಿಗೆಂದು ಕೊಟ್ಟ ಬಟ್ಟೆ ವಾಪಸು ಕೇಳಿದರು. ಕೊಟ್ಟೆ. ಬಾಗಿಲಲ್ಲಿ ನಿಂತು ಸಂಕೋಚದಿಂದಲೇ ಕೇಳಿದರು: "ನೀವೂ ಅವರ ಹತ್ರವೇ ಕಲಿತದ್ದಂತೆ, ಹೌದಾ?"

ಮೇಜಿನ ಮೇಲೆ ಆಗ ತಾನೇ ಮುಗಿಸಿದ ಪ್ಯಾಂಟಿತ್ತು. ಅದರ ಕಿಸೆಗೆ ಕಬ್ಬಿಣ ಇಳಿಸಿ ಎಳೆದೆ. ಒಂದೆಳೆ ನೂಲೂ ತಾಗದೆ ಬಂತು.

"ಹೌದು," ಎಂದೆ. "ಅವರ ಹತ್ರವೇ."