ಘಾಟು ಬಾರದ ಮೆಣಸಿನಕಾಯಿ

ಕುಷಾಯಿಗೂಡದ ಅಪಾರ್ಟ್‌ಮೆಂಟುಗಳಲ್ಲಿ ಯಾರ ಮನೆಗೆ ಬಾಣಂತಿ ಬಂದರೂ ಮೊದಲು ಕೇಳಿಬರುತ್ತಿದ್ದ ಹೆಸರು ಸಾಬಮ್ಮನದು. ಯಾದಗಿರಿ ಕಡೆಯ ಹೆಂಗಸು. ಗಂಡ ಬೂದೆಪ್ಪನ ಹಿಂದೆ ಕಟ್ಟಡದ ಕೆಲಸಕ್ಕೆ ಹೈದರಾಬಾದಿಗೆ ಬಂದು, ತಲೆಯ ಮೇಲೆ ಬುಟ್ಟಿ ಹೊರುವುದು ಕೈಲಾಗದಾದಾಗ ಎಳೆಗೂಸುಗಳಿಗೆ ನೀರೆರೆಯುವ ಕೆಲಸ ಹಿಡಿದಳು. ಬಚ್ಚಲಲ್ಲಿ ಕಾಲು ಚಾಚಿ ಕೂತು, ಕಾಲ ಮೇಲೆ ಕೂಸನ್ನು ಮಲಗಿಸಿಕೊಂಡು, ಎಣ್ಣೆ ತಿಕ್ಕಿ, ಬಿಸಿನೀರು ಹೊಯ್ದು, ಲೋಬಾನದ ಹೊಗೆ ಹಾಕಿ ಮಲಗಿಸಿದಳೆಂದರೆ ಕೂಸು ಮಧ್ಯಾಹ್ನದವರೆಗೆ ಕಣ್ಣು ಬಿಡುತ್ತಿರಲಿಲ್ಲ. ಈ ಕೆಲಸಕ್ಕೆ ಬಂಡವಾಳವೇನೂ ಬೇಡ. ಹೆತ್ತವಳು ನಂಬಿ ಕೂಸನ್ನು ಕೈಗೆ ಕೊಡಬೇಕು, ಅಷ್ಟೇ. ಆ ನಂಬಿಕೆ ಹೋದರೆ ಸಾಬಮ್ಮನಿಗೆ ಈ ಊರಲ್ಲಿ ಬೇರೇನೂ ಇರಲಿಲ್ಲ.

ಆ ವರ್ಷ ಅವಳು ಹೋಗುತ್ತಿದ್ದದ್ದು ಪ್ರೇಮಾ ಅವರ ಮನೆಗೆ. ದಾವಣಗೆರೆ ಕಡೆಯವರು, ಯಜಮಾನರು ರಾಮಕೃಷ್ಣ ಹತ್ತಿರದ ಸರ್ಕಾರಿ ಕಾರ್ಖಾನೆಯಲ್ಲಿ ನೌಕರರು. ಹೆರಿಗೆಗೆ ಬಂದಿದ್ದ ಮಗಳು ಚಿನ್ಮಯಿಗೆ ದೆವ್ವದ ಸಿನಿಮಾದ ಹುಚ್ಚು. ಕೂಸು ಮಲಗಿತೆಂದರೆ ಫೋನು ಹಿಡಿದು, "ಬಾ ಸಾಬಮ್ಮ, ಕೂತ್ಕೋ, ಒಬ್ಬಳೇ ನೋಡೋಕೆ ಭಯ" ಎನ್ನುತ್ತಿದ್ದಳು. ಭಯವಾಗುವುದನ್ನು ಯಾಕೆ ನೋಡಬೇಕೋ ಸಾಬಮ್ಮನಿಗೆ ತಿಳಿಯುತ್ತಿರಲಿಲ್ಲ. ಓದಿದವರ ಚಟ ಓದಿದವರಿಗೇ ಗೊತ್ತು.

ಒಂದು ಪರದೇಶದ ಸಿನಿಮಾ. ಅದರ ಮುದುಕಿ ತಲೆಗೂದಲು ಬಿಚ್ಚಿ ತೊಟ್ಟಿಲ ಮೇಲೆ ಬಾಗಿ, ಕೂಸಿನ ಹಣೆಗೆ ಬಾಯಿ ತಂದು ಉಸಿರನ್ನು ಒಳಗೆಳೆದು ನುಂಗುತ್ತಿದ್ದಳು. ಹಲ್ಲುಗಳು ಗುದ್ದಲಿಯಷ್ಟು ಉದ್ದ.

"ನಿಮ್ಮೂರಲ್ಲೂ ಮಾಟಗಾತಿಯರು ಹೀಗೇ ಇರ್ತಾರಾ?" ಎಂದು ಚಿನ್ಮಯಿ ಕೇಳಿದಳು.

"ಎಲ್ಲಿದು ತಂಗಿ! ನಮ್ಮ ಕಡೆ ಭಾನಾಮತಿ ಅಂತಾರ. ಮನಿ ಮ್ಯಾಲ ಕಲ್ಲು ಬೀಳತಾವ, ಪೆಟಗ್ಯಾಗಿನ ಸೀರಿ ತಾನ ಸುಟ್ಟಕೋತಾವ. ಮಾಡಿದಾಕೀನ ಮಾತ್ರ ಯಾರೂ ನೋಡಿರಂಗಿಲ್ಲ."

"ಮತ್ತೆ ಯಾರು ಅಂತ ಗೊತ್ತಾಗೋದು ಹೇಗೆ?"

"ಮಂದಿ ಹೇಳತಾರ. ನಮ್ಮ ಓಣ್ಯಾಗ ಉಮಾಬಾಯಿ ಅಂತ ಇದ್ಲು. ಆಕೀನೂ ನನ್ನಂಗ ಕೂಸಿಗೆ ನೀರ ಹಾಕಾಕಿ. ಒಂದು ಕೂಸು ತೀರಕೊಂತು. ಈಕೀನ ಮಾಡ್ಯಾಳ ಅಂದು, ಮತ್ತ ಮಂತ್ರ ನುಡೀಬಾರದಂತ ಹಲ್ಲು ಮುರದ್ರು. ಸಿನಿಮಾದಾಗಿನಾಕಿಗೆ ಇಷ್ಟುದ್ದ ಹಲ್ಲು. ಉಮಾಬಾಯಿ ಬಾಯಾಗ ಒಂದೂ ಇರಲಿಲ್ಲ, ಅಂಬಲಿ ಕುಡದು ದಿನಾ ಕಳದ್ಲು."

ಚಿನ್ಮಯಿ ಫೋನನ್ನು ಆರಿಸಿದಳು. ಕೂಸನ್ನು ತನ್ನ ಮಗ್ಗುಲಿಗೆ ಎಳೆದುಕೊಂಡಳು.

ಮುಂದಿನ ವಾರ ಕೂಸಿಗೆ ಲಸಿಕೆ ಹಾಕಿಸಿದರು, ಮೈ ಬಿಸಿಯಾಯಿತು. ಜ್ವರ ಬರುತ್ತದೆ, ಹೆದರಬೇಡಿ ಎಂದು ನರ್ಸಮ್ಮ ಮೊದಲೇ ಹೇಳಿ ಔಷಧಿಯನ್ನೂ ಕೊಟ್ಟಿದ್ದಳು. ಆದರೆ ಮೊದಲ ಮೊಮ್ಮಗಳ ಮೈ ಸುಡುವಾಗ ಯಾವ ಅಜ್ಜಿಯ ಕಿವಿ ಕೇಳುತ್ತದೆ? "ಸಾಬಮ್ಮ, ದೃಷ್ಟಿ ತೆಗೆದುಬಿಡು" ಎಂದರು ಪ್ರೇಮಾ. ಸಾಬಮ್ಮ ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಅಡುಗೆಮನೆಯ ಗ್ಯಾಸಿನ ಮೇಲೆ ಸುಟ್ಟಳು. ಮೆಣಸಿನಕಾಯಿ ಸುಟ್ಟರೆ ಮನೆಯವರೆಲ್ಲ ಕೆಮ್ಮಬೇಕು. ಘಾಟು ಬಾರದಿದ್ದರೆ ದೃಷ್ಟಿ ತಾಗಿದ್ದು ನಿಜ ಎಂದು ಯಾದಗಿರಿ, ದಾವಣಗೆರೆ ಎರಡೂ ಕಡೆಯ ಲೆಕ್ಕ. ಮೆಣಸಿನಕಾಯಿ ಕರಕಲಾಯಿತು, ಒಬ್ಬರೂ ಕೆಮ್ಮಲಿಲ್ಲ. ಒಲೆಯ ಮೇಲೆ ಹೊಗೆ ಎಳೆಯುವ ಚಿಮಣಿ ಗುರ್ರೆಂದು ಓಡುತ್ತಲೇ ಇತ್ತು. ಅದನ್ನು ಹಬ್ಬಕ್ಕೆಂದು ಆಸೆಪಟ್ಟು ಕೊಂಡಿದ್ದ ಪ್ರೇಮಾ ಅವರಿಗೂ ಆ ಹೊತ್ತಿನಲ್ಲಿ ಅದರ ನೆನಪಾಗಲಿಲ್ಲ.

"ಇಷ್ಟು ದೊಡ್ಡ ದೃಷ್ಟಿ ಯಾರದು?" ಎಂದರು ಪ್ರೇಮಾ. ಮನೆಗೆ ಹೊರಗಿನವರು ಯಾರೂ ಬಂದಿರಲಿಲ್ಲ, ಸಾಬಮ್ಮನೊಬ್ಬಳ ಹೊರತು. ಸಾಬಮ್ಮನಿಗೂ ದಿಗಿಲಾಯಿತು. ಮುಂಜಾನೆ ಗಲ್ಲ ಹಿಡಿದು 'ಬೆಣ್ಣಿ ಮುದ್ದಿ' ಎಂದವಳು ತಾನೇ ಅಲ್ಲವೇ? ಕಣ್ಣು ತನ್ನದೇ ಇರಬಹುದೇ?

ಮರುದಿನ ಬಾಗಿಲಲ್ಲೇ ಪ್ರೇಮಾ ಕೈಮುಗಿದು ನಿಂತಿದ್ದರು.

"ನೀವು ದೊಡ್ಡವರು ಸಾಬಮ್ಮ. ನಿಮ್ಮೂರಿನ ಭಾನಾಮತಿ, ಆ ಉಮಾಬಾಯಿ, ಚಿನ್ಮಯಿ ಎಲ್ಲಾ ಹೇಳಿದಳು. ತಿಳಿದೋ ತಿಳಿಯದೆಯೋ ಮಾಡಿದ್ದನ್ನ ವಾಪಸ್ ತಗೊಳ್ಳಿ, ಜೀವಮಾನವಿಡೀ ನೆನೀತೀನಿ."

ನಿನ್ನೆಯವರೆಗೆ 'ಬಾ, ಹೋಗು' ಎನ್ನುತ್ತಿದ್ದವರು ಇವರೇ. "ನಾ ಏನ ಮಾಡೀನ್ರಿ ಅಮ್ಮಾರ?" ಎಂದಳು ಸಾಬಮ್ಮ. ಪ್ರೇಮಾ ಮುಗಿದ ಕೈ ಇಳಿಸಲಿಲ್ಲ. ಒಲ್ಲೆ ಎಂದರೆ ಹಠ ಹಿಡಿದಳು ಎನ್ನುತ್ತಾರೆ. ಒಪ್ಪಿದರೆ ಮಾಡಿದ್ದು ತಾನೇ ಎಂದಾಗುತ್ತದೆ. ಅತ್ತ ದರಿ ಇತ್ತ ಪುಲಿ. ಒಳಗೆ ಕೂಸು ಅತ್ತಿತು. ಆ ಅಳು ಕೇಳಿದ್ದೇ ಅವಳು ಚಪ್ಪಲಿ ಬಿಟ್ಟು ಒಳಗೆ ನಡೆದಳು. ಯೋಚನೆ ಅಲ್ಲಿಗೇ ನಿಂತಿತು.

ಆದರೆ ವಾಪಸ್ ತೆಗೆದುಕೊಳ್ಳುವುದು ಹೇಗೆ? ದೃಷ್ಟಿ ತೆಗೆಯುವುದು ಗೊತ್ತು, ಹಾಕಿಯೇ ಇರದ ಮಾಟ ತೆಗೆಯುವುದು ಯಾರಿಗೆ ಗೊತ್ತು? ಊರಿನವರಿಗೆ ಗೊತ್ತಿದ್ದದ್ದು ಹಲ್ಲು ಮುರಿಯುವುದೊಂದೇ. ಉಳಿದದ್ದು ಸಿನಿಮಾ. ಸಾಬಮ್ಮ ತುರುಬು ಬಿಚ್ಚಿದಳು. ತೊಟ್ಟಿಲ ಮೇಲೆ ಬಾಗಿ, ಬಿಸಿ ಹಣೆಗೆ ಬಾಯಿ ತಂದು, ಉಸಿರನ್ನು ಒಳಗೆಳೆದು ನುಂಗಿದಳು.

"ಅಮ್ಮಾ, ಅದೇ! ಅದೇ ಥರ!" ಎಂದು ಚಿನ್ಮಯಿ ಕಿರುಚಿದಳು.

ಸರಿಯಾಗಿಯೇ ಮಾಡಿದೆನಲ್ಲ ಎಂದು ಸಾಬಮ್ಮನಿಗೆ ಒಂದು ಗಳಿಗೆ ಸಮಾಧಾನವಾಯಿತು. ಚಿನ್ಮಯಿಯ ಮುಖ ನೋಡಿದ ಮೇಲೆ ಅದೂ ಉಳಿಯಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಜ್ವರ ಇಳಿಯಿತು. ಲಸಿಕೆಯ ಜ್ವರ ಮತ್ತೇನು ಮಾಡೀತು? ಪ್ರೇಮಾ ಸಾಬಮ್ಮನಿಗೆ ತೆಂಗಿನಕಾಯಿ, ಅಕ್ಕಿ, ಕುಪ್ಪಸದ ಖಣ ಹಾಕಿ ಉಡಿ ತುಂಬಿದರು, ಕಾಲು ಮುಟ್ಟಲೂ ಬಾಗಿದರು.

"ಹಂಗಾರ ನಾಳಿ ನೀರ ಕಾಸಿಡ್ರಿ ಅಮ್ಮಾರ, ಲಗೂನ ಬರ್ತೀನಿ."

"ಬೇಡ ಸಾಬಮ್ಮ. ಇನ್ಮೇಲೆ ಚಿನ್ಮಯಿ ತಾನೇ ನೀರು ಹಾಕ್ತಾಳೆ, ಕಲಿತಿದ್ದಾಳೆ" ಎಂದರು ಪ್ರೇಮಾ. ಚಿನ್ಮಯಿಯ ಕೋಣೆಯ ಬಾಗಿಲು ಮುಚ್ಚಿತ್ತು.

ಸುದ್ದಿಗೆ ಕಾಲು ಬಂತು. ಕೆಳಗಿನ ಮನೆಯ ಸುಮತಿ ಮಗಳ ಬಾಣಂತನಕ್ಕೆ ಸಾಬಮ್ಮನಿಗೇ ಹೇಳಿಟ್ಟಿದ್ದರು, ಈಗ ಬೇರೆಯವಳನ್ನು ಕರೆಸಿಕೊಂಡರು. ಆದರೆ ಯಾರಿಗೋ ಮಗನ ಮದುವೆ ಕೂಡಿಬರುತ್ತಿಲ್ಲ, ಯಾರಿಗೋ ಅಂಗಡಿ ನಡೆಯುತ್ತಿಲ್ಲ. ನಿಂಬೆಹಣ್ಣು ಹಿಡಿದುಕೊಂಡು ಅಂಥವರು ಅವಳ ತಗಡಿನ ಮನೆ ಹುಡುಕಿ ಬರತೊಡಗಿದರು. ಹೊಸ್ತಿಲಾಚೆಯೇ ನಿಂತು, ಅವಳ ಮುಖ ನೋಡದೆ, "ಅಮ್ಮಾ" ಎನ್ನುತ್ತಿದ್ದರು. ಅವಳು ಒಲ್ಲೆನೆಂದಷ್ಟೂ ಅವರ ನಂಬಿಕೆ ಹೆಚ್ಚುತ್ತಿತ್ತು.

ಒಂದು ಸಂಜೆ ಹಾಗೆ ಬಂದವರನ್ನು ಕಳಿಸಿ ಒಳಗೆ ಬಂದಾಗ ಬೂದೆಪ್ಪ ಊಟಕ್ಕೆ ಕೈ ಹಚ್ಚದೆ ಕೂತಿದ್ದ. ಇಷ್ಟು ವರ್ಷ ಜೊತೆಗೆ ಬಾಳಿದವನು ತಲೆ ಎತ್ತದೆ ಕೇಳಿದ:

"ಖರೇ ಹೇಳು, ನಿನಗೇನರ ಬರ್ತೈತೇನು?"

ಸಾಬಮ್ಮನಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಜ್ವರ ಇಳಿದದ್ದಂತೂ ನಿಜವಲ್ಲವೇ ಎಂದು ಅವಳಿಗೇ ಅನ್ನಿಸುತ್ತಿತ್ತು. ಅವನ ತಟ್ಟೆಗೆ ಸಾರು ಹಾಕುತ್ತ ಹೇಳಿದಳು:

"ಕೂಸಿಗೆ ನೀರ ಹಾಕಾಕ ಬರ್ತೈತಿ. ಅದನ್ನ ಯಾರೂ ಕೇಳವಲ್ರು."